ಕಾಸರಗೋಡಿನ ಪ್ರಸಂಗಿಯೊಬ್ಬನ ಮೇಜಿನ ಮೇಲೆ ಸ್ಟೆಪ್ ಬೈಬಲ್

ಬೈಬಲಿನ ಮೂಲಭಾಷೆಗಳಾದ ಇಬ್ರಿಯ (ಹೀಬ್ರೂ), ಗ್ರೀಕ್‌ಗಳನ್ನು ಕಲಿಯದಿದ್ದರೂ ಪ್ರಸಂಗಕ್ಕಾಗಿ ವೇದಭಾಗವನ್ನು ಮೂಲಪಠ್ಯದ ತನಕ ಹೋಗಿ ಅಭ್ಯಾಸ ಮಾಡಬೇಕೆನ್ನುವವರಿಗೆ ಇಂದು ಉಚಿತವಾಗಿ ಸಿಗುವ ಸಾಧನಗಳಲ್ಲಿ ಸ್ಟೆಪ್ ಬೈಬಲ್ ಒಂದು. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿರುವ ಟಿಂಡೇಲ್ ಹೌಸ್ ಎಂಬ ಬೈಬಲ್ ಸಂಶೋಧನಾ ಸಂಸ್ಥೆ ಇದನ್ನು ರೂಪಿಸಿದೆ. ನಾನು ದೇವಶಾಸ್ತ್ರದ ಪದವೀಧರನಲ್ಲ. ಸಭಾಪಾಲಕರು ಬೇರೆ ಸಭೆಗಳ ಆರಾಧನೆಗೆ ಹೋಗಬೇಕಾದ ಭಾನುವಾರಗಳಲ್ಲಿ ಪ್ರಸಂಗಪೀಠ ಹತ್ತುವ ಸಾಮಾನ್ಯ ಸಭಿಕ. ಹಾಗಾಗಿ ಈ ವಿಮರ್ಶೆ ಪಂಡಿತರಿಗಾಗಿ ಬರೆದದ್ದಲ್ಲ, ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕನ್ನಡದಲ್ಲಿ ಆರಾಧನೆ ನಡೆಸುವ ಸಣ್ಣ ಸಭೆಗಳಲ್ಲಿ ನನ್ನಂತೆಯೇ ಸಿದ್ಧತೆ ಮಾಡುವವರಿಗಾಗಿ ಬರೆದದ್ದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಕಥೆಯೊಳಗೆ ಮತ್ತೆಮತ್ತೆ ಬರುವ ಎಳೆಗಳನ್ನು ಹಿಡಿದು ತೋರಿಸುವುದರಲ್ಲಿ ಇದು ಬಹಳ ಸಮರ್ಥವಾದ ಸಾಧನ. ಆದರೆ ಕನ್ನಡದಲ್ಲಿ ಭಾಗವನ್ನು ನಿಧಾನವಾಗಿ ಓದಿ ಮುಗಿಸುವ ಮುನ್ನ ಇದನ್ನು ತೆರೆದರೆ ಲಾಭಕ್ಕಿಂತ ಗೊಂದಲವೇ ಹೆಚ್ಚು.

ಬಳಸುವ ಕ್ರಮ ಸರಳ. ಜಾಲತಾಣದಲ್ಲಿ ತೆರೆದುಕೊಳ್ಳಬಹುದು, ಲ್ಯಾಪ್‌ಟಾಪಿಗೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಹಣ ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ, ಜಾಹೀರಾತಿನ ಕಾಟವಿಲ್ಲ. ಅಧ್ಯಾಯವೊಂದನ್ನು ತೆರೆದು ಯಾವುದಾದರೂ ಪದದ ಮೇಲೆ ಮೌಸ್ ಇಟ್ಟರೆ ಅದರ ಹಿಂದಿರುವ ಇಬ್ರಿಯ ಅಥವಾ ಗ್ರೀಕ್ ಪದವೂ ಚಿಕ್ಕದೊಂದು ಅರ್ಥವೂ ಕಾಣಿಸುತ್ತವೆ. ಅದನ್ನು ಒತ್ತಿದರೆ ಪಕ್ಕದಲ್ಲಿ ಅರ್ಥಕೋಶದ ಪೂರ್ಣ ವಿವರ ಬರುತ್ತದೆ, ಅಲ್ಲಿಂದ ಅದೇ ಪದ ಬೈಬಲಿನಲ್ಲಿ ಬಂದಿರುವ ಎಲ್ಲ ವಚನಗಳ ಪಟ್ಟಿಯನ್ನು ತೆರೆಯಬಹುದು. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಪ್ರಕಟಿಸಿದ ಪದಾನುಕ್ರಮಣಿಕೆಯಲ್ಲಿ ಪ್ರತಿ ಮೂಲಪದಕ್ಕೂ ಒಂದು ಸಂಖ್ಯೆ ಕೊಟ್ಟಿದ್ದರು. ಆ ಸಂಖ್ಯಾಕ್ರಮವೇ ಇಲ್ಲಿಯೂ ಬೆನ್ನೆಲುಬು. ಹಿಂದೆ ಎರಡು ಕೈಗಳಿಂದ ಎತ್ತಬೇಕಾದ ದಪ್ಪ ಸಂಪುಟದಲ್ಲಿ ಕಣ್ಣು ಕಿರಿದುಮಾಡಿ ಹುಡುಕುತ್ತಿದ್ದುದು ಈಗ ಒಂದು ಒತ್ತಿನಲ್ಲಿ ಮುಗಿಯುತ್ತದೆ.

ಸಾಧನದ ಗುಣವನ್ನು ವಿವರಣೆಯಿಂದ ತಿಳಿಯುವುದಕ್ಕಿಂತ ಒಂದು ಭಾಗವನ್ನು ಅದರೊಳಗೆ ಹಾಯಿಸಿ ನೋಡುವುದು ಮೇಲು. ನನಗೆ ಕೊಟ್ಟಿದ್ದ ಭಾಗ ಒಂದನೆಯ ಅರಸುಗಳು 17ನೆಯ ಅಧ್ಯಾಯದ 8ರಿಂದ 16ರವರೆಗಿನ ವಚನಗಳು, ಅಂದರೆ ಚಾರೆಪ್ತದ ವಿಧವೆಯ ಕಥೆ. ಮಳೆ ಬಾರದೆ ಕೆರೀತ್ ಹಳ್ಳ ಬತ್ತಿದ ಮೇಲೆ ಪ್ರವಾದಿ ಎಲೀಯನು ಯೆಹೋವನ ಮಾತಿನಂತೆ ಚೀದೋನಿಗೆ ಸೇರಿದ ಆ ಊರಿಗೆ ಹೋಗುತ್ತಾನೆ. ಊರ ಬಾಗಿಲ ಬಳಿ ಕಟ್ಟಿಗೆ ಆರಿಸುತ್ತಿದ್ದ ವಿಧವೆಯ ಹತ್ತಿರ ಮೊದಲು ನೀರನ್ನೂ ಆಮೇಲೆ ರೊಟ್ಟಿಯನ್ನೂ ಕೇಳುತ್ತಾನೆ. ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ ಬಿಟ್ಟರೆ ಅವಳ ಮನೆಯಲ್ಲಿ ಏನೂ ಇಲ್ಲ. ಅದನ್ನು ತಾನೂ ಮಗನೂ ತಿಂದು ಸಾಯುವುದೆಂದು ಅವಳು ನಿಶ್ಚಯಿಸಿದ್ದಾಳೆ. ಹೆದರದೆ ಮೊದಲು ತನಗೊಂದು ಚಿಕ್ಕ ರೊಟ್ಟಿ ಮಾಡಿಕೊಡೆಂದು ಎಲೀಯನು ಹೇಳಿದಂತೆ ಅವಳು ಮಾಡುತ್ತಾಳೆ, ಆಮೇಲೆ ಹಿಟ್ಟೂ ಎಣ್ಣೆಯೂ ತೀರುವುದೇ ಇಲ್ಲ. ನಮ್ಮ ಸಭಿಕರಲ್ಲಿ ಹೆಚ್ಚಿನವರಿಗೆ ಸಂಡೇ ಸ್ಕೂಲಿನಿಂದಲೇ ಬಾಯಿಪಾಠವಾಗಿರುವ ಕಥೆ ಇದು. ಪ್ರಸಂಗಿಗೆ ಕಷ್ಟ ಕೊಡುವುದೂ ಇಂಥ ಪರಿಚಿತ ಕಥೆಗಳೇ, ಏಕೆಂದರೆ ಕೇಳುವವರು ಮೊದಲ ವಾಕ್ಯದಲ್ಲೇ ಕೊನೆಯ ವಾಕ್ಯವನ್ನು ಊಹಿಸಿಕೊಂಡು ಕುಳಿತಿರುತ್ತಾರೆ.

ಸ್ಟೆಪ್ ಬೈಬಲನ್ನು ತೆರೆಯುವ ಮುನ್ನ ಭಾರತೀಯ ಸತ್ಯವೇದ ಸಂಘದ ಮುದ್ರಿತ ಸತ್ಯವೇದದಲ್ಲಿ ಈ ಭಾಗವನ್ನು ಗಟ್ಟಿಯಾಗಿ ಓದಿದೆ. ಓದುವಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಪಟ್ಟಿಯ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ವಿಧವೆ ಆಣೆಯಿಡುವಾಗ ‘ನಿನ್ನ ದೇವರಾದ ಯೆಹೋವ’ ಎನ್ನುತ್ತಾಳೆಯೇ ಹೊರತು ತನ್ನ ದೇವರೆನ್ನುವುದಿಲ್ಲ. ಅವಳು ಎಲೀಯನ ಮಾತನ್ನು ಒಪ್ಪಿ ನಡೆದದ್ದು ಈ ಅಂತರ ಇನ್ನೂ ಉಳಿದಿರುವಾಗಲೇ. ಅವಳ ಬಾಯಿಂದ ‘ಈಗ ತಿಳಿಯಿತು’ ಎಂಬ ಮಾತು ಹೊರಡುವುದು ಅದೇ ಅಧ್ಯಾಯದ ಕೊನೆಯಲ್ಲಿ, ಸತ್ತ ಮಗ ಜೀವಂತನಾಗಿ ಕೈಗೆ ಬಂದ ಮೇಲೆ. ಹಿಂದಿನ ಅಧ್ಯಾಯಕ್ಕೆ ಪುಟ ತಿರುಗಿಸಿದರೆ 16:31ರಲ್ಲಿ ಇಸ್ರಾಯೇಲಿನ ಅರಸ ಅಹಾಬನ ಹೆಂಡತಿ ಈಜೆಬೆಲಳು ಚೀದೋನ್ಯರ ಅರಸ ಎತ್ಬಾಳನ ಮಗಳೆಂಬ ಮಾತಿದೆ. ಹಾಗಾದರೆ ದೇವರು ತನ್ನ ಪ್ರವಾದಿಯನ್ನು ಕಳುಹಿಸಿದ್ದು ರಾಣಿಯ ತವರು ಸೀಮೆಗೆ, ಮಳೆ ಕೊಡುವವನೆಂದು ಜನ ನಂಬಿದ್ದ ಬಾಳನ ಸ್ವಂತ ನೆಲಕ್ಕೆ. ಮತ್ತು ಅಲ್ಲಿಯೂ ಹಿಟ್ಟಿನ ಮಡಕೆ ಬರಿದಾಗುತ್ತ ಬಂದಿದೆ. ಇದರಲ್ಲಿ ಯಾವುದೂ ಕಂಪ್ಯೂಟರು ಕೊಟ್ಟದ್ದಲ್ಲ. ಪ್ರಸಂಗದ ಬೆನ್ನೆಲುಬಿನ ಅರ್ಧಭಾಗ ಕನ್ನಡದ ಓದಿನಲ್ಲೇ ಸಿಕ್ಕಿತ್ತು ಎಂಬುದನ್ನು ಸಾಧನವನ್ನು ಹೊಗಳುವ ಮುನ್ನ ದಾಖಲಿಸುವುದು ನ್ಯಾಯ.

ಉಳಿದ ಅರ್ಧದಲ್ಲಿ ಸ್ಟೆಪ್ ಬೈಬಲ್ ತನ್ನ ಬೆಲೆಯನ್ನು ತೋರಿಸಿತು. 9ನೆಯ ವಚನದಲ್ಲಿ ‘ನಿನ್ನನ್ನು ಸಾಕುವಂತೆ ಒಬ್ಬ ವಿಧವೆಗೆ ಆಜ್ಞಾಪಿಸಿದ್ದೇನೆ’ ಎಂಬ ಅರ್ಥದ ಮಾತಿದೆ. ಅಲ್ಲಿ ಸಾಕುವುದಕ್ಕೆ ಬಳಸಿರುವ ಇಬ್ರಿಯ ಕ್ರಿಯಾಪದವನ್ನು ಒತ್ತಿ ಪಟ್ಟಿಯನ್ನು ತೆರೆದಾಗ ಅರಸುಗಳ ಪುಸ್ತಕದೊಳಗೇ ಒಂದು ಸರಣಿ ಎದ್ದು ಬಂತು. ಮೊದಲು 4:7ರಲ್ಲಿ ಸೊಲೊಮೋನನ ಹನ್ನೆರಡು ಮಂದಿ ಅಧಿಕಾರಿಗಳು ವರ್ಷಕ್ಕೆ ಒಂದೊಂದು ತಿಂಗಳಂತೆ ಅರಮನೆಗೆ ಆಹಾರ ಒದಗಿಸುತ್ತಾರೆ. ನಮ್ಮ ಅಧ್ಯಾಯದ 4ನೆಯ ವಚನದಲ್ಲಿ ಕೆರೀತ್ ಹಳ್ಳದ ಬಳಿ ಕಾಗೆಗಳು, 9ನೆಯ ವಚನದಲ್ಲಿ ಚಾರೆಪ್ತದ ವಿಧವೆ. ಮುಂದಿನ ಅಧ್ಯಾಯದ 4ನೆಯ ಮತ್ತು 13ನೆಯ ವಚನಗಳಲ್ಲಿ ಅಹಾಬನ ಅರಮನೆಯ ಮೇಲ್ವಿಚಾರಕ ಓಬದ್ಯನು ನೂರು ಮಂದಿ ಪ್ರವಾದಿಗಳನ್ನು ಐವತ್ತೈವತ್ತರಂತೆ ಗವಿಗಳಲ್ಲಿ ಅಡಗಿಸಿ ಅನ್ನಪಾನ ಕೊಡುತ್ತಾನೆ. ಇಷ್ಟೂ ಕಡೆ ಕ್ರಿಯೆ ಒಂದೇ. ಒಂದು ಕಾಲಕ್ಕೆ ಹನ್ನೆರಡು ಅಧಿಕಾರಿಗಳ ಸುಸಜ್ಜಿತ ಏರ್ಪಾಡಿನಲ್ಲಿ ನಡೆಯುತ್ತಿದ್ದ ಪೋಷಣೆಯ ಕೆಲಸ ಬರಗಾಲ ಬಂದಾಗ ಕಾಗೆಗಳ ಕೈಗೆ, ಹೊರನಾಡಿನ ಬಡ ವಿಧವೆಯ ಕೈಗೆ, ಜೀವಭಯದಲ್ಲಿ ಗುಟ್ಟಾಗಿ ರೊಟ್ಟಿ ಸಾಗಿಸುವ ಒಬ್ಬ ನೌಕರನ ಕೈಗೆ ಬಂದಿದೆ. ಅರಮನೆಯಾದರೋ ತನ್ನ ಕುದುರೆ, ಹೇಸರಗತ್ತೆಗಳಿಗೆ ಹುಲ್ಲು ಹುಡುಕುತ್ತಿದೆ, ಅದು 18:5ರಲ್ಲಿದೆ.

ಪಟ್ಟಿಯನ್ನು ಇನ್ನೂ ಹಿಂದಕ್ಕೆ ಸರಿಸಿದರೆ ಆದಿಕಾಂಡ 45:11ರಲ್ಲಿ ಯೋಸೇಫನು ಬರಗಾಲದಲ್ಲಿ ತಂದೆಯನ್ನು ಸಾಕುವೆನೆಂದು ಹೇಳಿಕಳುಹಿಸುವ ಮಾತಿನಲ್ಲಿಯೂ, 50:21ರಲ್ಲಿ ತನ್ನನ್ನು ಮಾರಿದ ಅಣ್ಣಂದಿರಿಗೆ ಅಭಯ ಕೊಡುವಲ್ಲಿಯೂ, ರೂತಳು 4:15ರಲ್ಲಿ ನೊವೊಮಿಯ ಮುಪ್ಪಿನ ಆಸರೆಯ ಪ್ರಸ್ತಾಪದಲ್ಲಿಯೂ ಅದೇ ಕ್ರಿಯಾಪದ ಕಾಣುತ್ತದೆ. ಸಭೆಯಲ್ಲಿ ಇಬ್ರಿಯ ಪದವನ್ನು ಉಚ್ಚರಿಸುವ ಅಗತ್ಯ ನನಗೆ ಬೀಳಲಿಲ್ಲ. ಅಧಿಕಾರಿಗಳು, ಕಾಗೆಗಳು, ವಿಧವೆ, ಓಬದ್ಯ ಎಂಬ ಸಾಲನ್ನು ಕನ್ನಡದಲ್ಲೇ ಕಥೆಯಾಗಿ ಹೇಳಿದರೆ ಸಾಕಿತ್ತು. ಮೂಲಭಾಷೆಯ ಸಾಧನ ಪ್ರಸಂಗಕ್ಕೆ ಉಪಯೋಗವಾಗಬೇಕಾದ ರೀತಿ ಇದೇ ಎಂದು ನನ್ನ ಅಭಿಪ್ರಾಯ. ಅಡುಗೆಮನೆಯಲ್ಲಿ ಒರಳಿಗೆ ಎಷ್ಟು ಕೆಲಸವಿದ್ದರೂ ಅದನ್ನು ಯಾರೂ ಊಟದ ಎಲೆಯ ಮುಂದೆ ತಂದಿಡುವುದಿಲ್ಲ.

ಇನ್ನೊಂದು ಹುಡುಕಾಟ ಇಷ್ಟು ದೂರ ಹೋಗದಿದ್ದರೂ ಹಿತವಾಗಿತ್ತು. ವಿಧವೆಯ ಮನೆಯ ಎಣ್ಣೆಯ ಪಾತ್ರೆಗೆ ಮೂಲದಲ್ಲಿರುವ ಪದ ಹಳೆಯ ಒಡಂಬಡಿಕೆಯಲ್ಲಿ ಬರುವುದು ಏಳು ಸಲ ಮಾತ್ರ: ಮೂರು ಸಲ ಒಂದನೆಯ ಸಮುವೇಲ 26ರಲ್ಲಿ, ನಿದ್ರಿಸುತ್ತಿದ್ದ ಸೌಲನ ತಲೆಯ ಬಳಿಯಿದ್ದ ನೀರಿನ ತಂಬಿಗೆಗೆ, ಮೂರು ಸಲ ನಮ್ಮ ಕಥೆಯಲ್ಲಿ, ಏಳನೆಯದು 19:6ರಲ್ಲಿ, ಸಾಯಬೇಕೆಂದು ಅಡವಿಯಲ್ಲಿ ಮಲಗಿದ್ದ ಎಲೀಯನ ತಲೆಯ ಬಳಿ ದೂತನು ಇರಿಸಿದ ನೀರಿನ ಪಾತ್ರೆಗೆ. ಅಲ್ಲಿ ಪಾತ್ರೆಯ ಜೊತೆಗೆ ಕೆಂಡದಲ್ಲಿ ಸುಟ್ಟ ರೊಟ್ಟಿಯೂ ಇದೆ. ಆ ರೊಟ್ಟಿಗಿರುವ ಹೆಸರೂ ವಿಧವೆಯಿಂದ ಅವನು ಕೇಳಿದ ಚಿಕ್ಕ ರೊಟ್ಟಿಯ ಹೆಸರೇ. ‘ತಿಂದು ಸಾಯುತ್ತೇವೆ’ ಎಂದವಳಿಗೆ ‘ಹೆದರಬೇಡ’ ಎಂದಿದ್ದ ಪ್ರವಾದಿ ಎರಡು ಅಧ್ಯಾಯಗಳಾಚೆ ತಾನೇ ಸಾವನ್ನು ಬೇಡುತ್ತಾನೆ, ಅವನ ಮುಂದೆಯೂ ಅದೇ ರೊಟ್ಟಿ, ಅದೇ ಬಗೆಯ ಪಾತ್ರೆ ಬಂದು ನಿಲ್ಲುತ್ತವೆ. ಇದನ್ನು ಪ್ರಸಂಗದ ಮುಖ್ಯ ವಿಷಯವಾಗಿಸುವಷ್ಟು ಭಾರ ಇದರ ಮೇಲೆ ಹೇರಬಾರದು, ಪಾತ್ರೆಗೆ ಪಾತ್ರೆಯ ಹೆಸರಿರುವುದು ಸಹಜವೇ; ಆದರೂ ಕಥೆಗಾರನು ಈ ಎರಡು ಘಟನೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ನಮ್ಮನ್ನು ಕರೆಯುತ್ತಿದ್ದಾನೆಂದು ಒಂದೆರಡು ವಾಕ್ಯಗಳಲ್ಲಿ ಹೇಳಲು ಅಡ್ಡಿಯಿಲ್ಲ.

ಅಪಾಯವೂ ಇಲ್ಲಿಯೇ ಇದೆ, ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕು. ಸಾಕುವ ಕ್ರಿಯಾಪದದ ಅರ್ಥಕೋಶವನ್ನು ತೆರೆದರೆ ಅಳೆಯುವುದು, ಹಿಡಿಸುವುದು, ತಾಳಿಕೊಳ್ಳುವುದು, ಪೋಷಿಸುವುದು ಎಂದು ಅರ್ಥಗಳ ಸಾಲೇ ನಿಲ್ಲುತ್ತದೆ. ಇಬ್ರಿಯದಲ್ಲಿ ಒಂದೇ ಧಾತು ರೂಪ ಬದಲಾದಂತೆ ಅರ್ಥವನ್ನೂ ಬದಲಿಸುತ್ತದೆ: ಯೆಶಾಯ 40:12ರಲ್ಲಿ ಭೂಮಿಯ ಮಣ್ಣನ್ನು ಅಳತೆಯಲ್ಲಿ ಹಿಡಿಸುವುದಕ್ಕೆ, ಯೋವೇಲ 2:11ರಲ್ಲಿ ಯೆಹೋವನ ದಿನವನ್ನು ತಾಳಿಕೊಳ್ಳುವುದಕ್ಕೆ ಅದೇ ಧಾತುವಿನ ಬೇರೆ ಬೇರೆ ರೂಪಗಳಿವೆ. ಇಂಗ್ಲಿಷ್ ವಿವರಣೆಯಲ್ಲಿ ಕಂಡ ಈ ಅರ್ಥಗಳಲ್ಲಿ ಇಷ್ಟವಾದುದನ್ನು ಆರಿಸಿ ‘ಮೂಲಭಾಷೆಯಲ್ಲಿ ಇದರ ನಿಜವಾದ ಅರ್ಥ ಅಳೆದು ಕೊಡುವುದು, ಆದ್ದರಿಂದ ದೇವರು ವಿಧವೆಗೆ ಅಳೆದಷ್ಟೇ ಕೊಟ್ಟನು’ ಎಂದು ಪ್ರಸಂಗಿಸುವವನನ್ನು ಸಭೆಯಲ್ಲಿ ಯಾರೂ ತಡೆಯಲಾರರು. ಇಬ್ರಿಯ ಎಂಬ ಹೆಸರು ಕೇಳಿದ ಕೂಡಲೇ ತಲೆಯಾಡಿಸುವ ಅಭ್ಯಾಸ ನಮ್ಮಲ್ಲಿದೆ. ಸ್ಟೆಪ್ ಬೈಬಲ್ ಪ್ರತಿ ಪದದ ವ್ಯಾಕರಣ ರೂಪವನ್ನು ಜೊತೆಗೇ ಕೊಡುತ್ತದೆ, ಆದ್ದರಿಂದ ನಮ್ಮ ವಚನದಲ್ಲಿರುವ ರೂಪ ಯಾವುದು, ಪಟ್ಟಿಯ ಬೇರೆ ವಚನದಲ್ಲಿರುವ ರೂಪ ಯಾವುದು ಎಂದು ಹೋಲಿಸಿ ನೋಡಲು ಸಾಧ್ಯ. ಆದರೆ ಹಾಗೆ ಹೋಲಿಸಬೇಕೆಂಬುದು ಮೊದಲೇ ಗೊತ್ತಿರಬೇಕು. ಬಳಸುವವನ ವಿವೇಕವನ್ನು ಯಾವ ಸಾಧನವೂ ಒದಗಿಸಲಾರದು. ನನ್ನ ಸಲಹೆಯೇನೆಂದರೆ, ಒಂದೇ ಪುಸ್ತಕದೊಳಗೆ, ಒಂದೇ ರೂಪದಲ್ಲಿ ಪದ ಮತ್ತೆ ಬಂದಿದ್ದರೆ ಮಾತ್ರ ಅದನ್ನು ಪ್ರಸಂಗಕ್ಕೆ ತೆಗೆದುಕೊಳ್ಳಿ, ಉಳಿದುದನ್ನು ಟಿಪ್ಪಣಿ ಪುಸ್ತಕದಲ್ಲೇ ಬಿಡಿ.

ಕನ್ನಡ ಬಳಕೆದಾರರಿಗಿರುವ ನಿಜವಾದ ತೊಡಕು ಭಾಷೆಯದು. ಅರ್ಥಕೋಶದ ವಿವರಣೆಗಳನ್ನು ಇಂಗ್ಲಿಷಿನಲ್ಲೇ ಓದಬೇಕಾಗುತ್ತದೆ, ಅದೂ ಸಂಕ್ಷೇಪಾಕ್ಷರಗಳಿಂದ ತುಂಬಿದ ನಿಘಂಟಿನ ಇಂಗ್ಲಿಷ್. ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ ಎಂದು ದಿನಕ್ಕೆ ಮೂರು ಭಾಷೆಗಳಲ್ಲಿ ಬದುಕುವ ನಮ್ಮ ಕಡೆಯ ಹಿರಿಯ ಪ್ರಸಂಗಿಗಳಿಗೆ ಈ ನಾಲ್ಕನೆಯದನ್ನು ಹೊರೆಯಾಗಿಸುವುದು ಸಣ್ಣ ಮಾತಲ್ಲ. ಸ್ಟ್ರಾಂಗರ ಪದಾನುಕ್ರಮಣಿಕೆ ಬಂದ ನಾಲ್ಕೇ ವರ್ಷಗಳಲ್ಲಿ, 1894ರಲ್ಲಿ, ಕಿಟೆಲರ ಕನ್ನಡ ನಿಘಂಟನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಅಚ್ಚು ಹಾಕಿತ್ತು. ಅಂಥ ಕೆಲಸ ನಡೆದ ಕರಾವಳಿಯಲ್ಲಿ ಇಬ್ರಿಯ ಪದದಿಂದ ನೇರವಾಗಿ ಕನ್ನಡದ ಅರ್ಥಕ್ಕೆ ಬರುವ ದಾರಿ ಬೆರಳ ತುದಿಗೆ ಇನ್ನೂ ಬಂದಿಲ್ಲವೆನ್ನುವುದು ಕಸಿವಿಸಿಯ ವಿಷಯ; ಆದರೆ ಇದರ ಹೊಣೆಯನ್ನು ಕೇಂಬ್ರಿಡ್ಜಿನವರ ಮೇಲೆ ಹಾಕುವುದು ಸರಿಯಲ್ಲ.

ಹಾಗಾಗಿ ಸ್ಟೆಪ್ ಬೈಬಲನ್ನು ಒಂಟಿಯಾಗಿ ಬಳಸುವುದಕ್ಕಿಂತ ಎರಡು ಜೊತೆಗಾರರೊಡನೆ ಬಳಸುವುದು ಉತ್ತಮ. ಒಂದು, ಮುದ್ರಿತ ಸತ್ಯವೇದ. ಇನ್ನೊಂದು, ಮೊಬೈಲಿನ ಯುವರ್ಷನ್ ಆ್ಯಪ್. 2008ರಲ್ಲಿ ಅಮೆರಿಕದ ಲೈಫ್ ಚರ್ಚ್ ಹೊರತಂದ ಈ ಉಚಿತ ಆ್ಯಪ್‌ನಲ್ಲಿ ಕನ್ನಡದ ಹಲವು ಅನುವಾದಗಳು ಸಿಗುತ್ತವೆ, ಒಂದೇ ವಚನವನ್ನು ಅವುಗಳಲ್ಲಿ ಹೋಲಿಸಿ ಓದಬಹುದು. ಇಂಗ್ಲಿಷ್ ವಿವರಣೆಯನ್ನು ನಾವೇ ಕನ್ನಡಕ್ಕೆ ತಿರುಗಿಸಲು ಹೋಗಿ ಸಿಕ್ಕಿಬೀಳುವ ಬದಲು, ಬಲ್ಲವರು ಮಾಡಿರುವ ಎರಡು ಮೂರು ಕನ್ನಡ ಅನುವಾದಗಳನ್ನು ನೋಡಿದರೆ ಮಾತು ಸಭೆಗೆ ಹಿಡಿಸುವಂತೆ ಹದವಾಗುತ್ತದೆ. ಮಲಯಾಳ ಮಾಧ್ಯಮದಲ್ಲಿ ಓದಿದ ಯುವಕರು ಬೆಂಚಿನಲ್ಲಿ ಕುಳಿತಿರುವಾಗ ಹಳೆಯ ಸತ್ಯವೇದದ ಬಿಗಿಯಾದ ವಾಕ್ಯವನ್ನು ಓದಿ, ಅದರ ಬೆನ್ನಿಗೇ ಸರಳ ಅನುವಾದದ ವಾಕ್ಯವನ್ನೂ ಓದುವ ಕ್ರಮ ಈಗ ನನಗೆ ರೂಢಿಯಾಗಿದೆ.

ಕನ್ನಡ ಅಕ್ಷರಗಳಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ, ಇದು ಯಾವ ಆ್ಯಪ್‌ಗಾದರೂ ಅನ್ವಯಿಸುತ್ತದೆ. ನಮ್ಮ ಸತ್ಯವೇದದ ಹಳೆಯ ಒಡಂಬಡಿಕೆಯಲ್ಲಿ ಚೀದೋನ್ ಎಂದಿರುವುದು ಹೊಸ ಒಡಂಬಡಿಕೆಯಲ್ಲಿ ಸೀದೋನ್ ಆಗಿದೆ, ಚಾರೆಪ್ತವೂ ಸರೆಪ್ತವಾಗಿದೆ. ಹಳೆಯ ಒಡಂಬಡಿಕೆಯ ಅಕ್ಷರಜೋಡಣೆಯಿಂದ ಹುಡುಕಿದರೆ ಈ ಕಥೆಯ ಅತಿಮುಖ್ಯವಾದ ವ್ಯಾಖ್ಯಾನ, ಅಂದರೆ ಲೂಕ 4:25-26, ಕೈತಪ್ಪಿ ಹೋಗುತ್ತದೆ. ನಜರೇತಿನ ಸಭಾಮಂದಿರದಲ್ಲಿ ಯೇಸು, ಎಲೀಯನ ಕಾಲದಲ್ಲಿ ಇಸ್ರಾಯೇಲಿನಲ್ಲಿ ಎಷ್ಟೋ ಮಂದಿ ವಿಧವೆಯರಿದ್ದರೂ ಅವನನ್ನು ಕಳುಹಿಸಿದ್ದು ಸೀದೋನ್ ಸೀಮೆಯ ಈ ಒಬ್ಬಳ ಬಳಿಗೆ ಎಂದು ಹೇಳಿದಾಗ, ಅದುವರೆಗೆ ಮೆಚ್ಚಿ ಕೇಳುತ್ತಿದ್ದ ಸ್ವಂತ ಊರಿನ ಜನ ಸಿಟ್ಟಿಗೆದ್ದು ಅವನನ್ನು ಗುಡ್ಡದ ಅಂಚಿನಿಂದ ದೊಬ್ಬಲು ಎಳೆದುಕೊಂಡು ಹೋದರು. ಈ ಭಾಗವನ್ನು ಬಿಟ್ಟು ಚಾರೆಪ್ತದ ಕಥೆಯನ್ನು ಪ್ರಸಂಗಿಸಿದರೆ ಅದು ‘ಕೊಟ್ಟರೆ ತೀರುವುದಿಲ್ಲ’ ಎಂಬ ಕಾಣಿಕೆಯ ಪ್ರಸಂಗವಾಗಿ ಮುಗಿಯುತ್ತದೆ. ಕಥೊಲಿಕ ವಾಚನಕ್ರಮದಲ್ಲಿ ಇದೇ ಭಾಗವನ್ನು ಮೂರು ವರ್ಷಗಳ ಸರದಿಯಲ್ಲಿ ಎರಡನೆಯದಾದ ಬಿ ವರ್ಷದ 32ನೆಯ ಸಾಮಾನ್ಯ ಭಾನುವಾರದಂದು, ತನ್ನಲ್ಲಿದ್ದ ಎರಡೇ ಕಾಸನ್ನು ಕಾಣಿಕೆ ಹಾಕಿದ ಮಾರ್ಕನ ಸುವಾರ್ತೆಯ ವಿಧವೆಯ ಜೊತೆಗೆ ಇರಿಸಲಾಗಿದೆ. ಆ ಜೋಡಣೆಗೂ ಅರ್ಥವಿದೆ, ಆದರೆ ಗಡಿನಾಡಿನ ಸಭೆಗೆ ಲೂಕನ ಜೋಡಣೆಯೇ ಹೆಚ್ಚು ತಟ್ಟುತ್ತದೆಂದು ನನಗನಿಸಿತು.

ಗಡಿಯೆಂದರೇನೆಂದು ನಮ್ಮ ಸಭಿಕರಿಗೆ ಅರ್ಥಕೋಶ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ತಾಲೂಕಿನವರು ನಾವು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗಳಿಗೆ ಹೊರಟ ರೋಗಿಗಳು ಆಚೆ ದಾಟಲಾಗದೆ ನಿಂತ ದಿನಗಳು ಎಲ್ಲರ ನೆನಪಿನಲ್ಲಿವೆ. ಬತ್ತಿದ ಕೆರೀತ್ ಹಳ್ಳವೂ ಅಷ್ಟೇ: ಮುರಕಲ್ಲಿನ ಗುಡ್ಡಗಳಲ್ಲಿ ಸುರಂಗ ಕೊರೆದು ನೀರು ತರುವ ಊರುಗಳ ಜನರಿಗೆ ಏಪ್ರಿಲ್, ಮೇ ತಿಂಗಳಲ್ಲಿ ನೀರಿನ ಎಳೆ ಸಪುರವಾಗುತ್ತ ಹೋಗುವುದನ್ನು ನೋಡಿ ಗೊತ್ತು. ಪ್ರಸಂಗದ ಸಿದ್ಧತೆಯ ಈ ಪಾಲು ಯಾವ ಸಾಧನದಲ್ಲಿಯೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಸಾಧನ ಹುಡುಕಾಟದ ಹೊತ್ತನ್ನು ಉಳಿಸಿಕೊಟ್ಟದ್ದರಿಂದ ಈ ಪಾಲಿಗೆ ಹೆಚ್ಚು ಹೊತ್ತು ಸಿಕ್ಕಿತೆಂಬುದನ್ನು ಒಪ್ಪಲೇಬೇಕು.

ಸ್ಥಳದ ಬಗೆಗಿನ ಮಾಹಿತಿಗೆ ಮಾತ್ರ ನಾನು ಬೇರೆ ಕಡೆ ಓದಿದೆ. ಚಾರೆಪ್ತ ಇಂದಿನ ಲೆಬನಾನಿನ ಸರಾಫಂದ್ ಎಂಬ ಊರಿನ ಬಳಿ, ತೂರ್ ಮತ್ತು ಚೀದೋನ್ ಪಟ್ಟಣಗಳ ನಡುವೆ, ಸಮುದ್ರದ ದಂಡೆಯಲ್ಲಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಜೇಮ್ಸ್ ಪ್ರಿಚರ್ಡ್ 1969ರಿಂದ 1974ರವರೆಗೆ ಅಲ್ಲಿ ನಡೆಸಿದ ಉತ್ಖನನದಲ್ಲಿ ಮಣ್ಣಿನ ಪಾತ್ರೆ ಸುಡುವ ಅನೇಕ ಆವಿಗೆಗಳು ಸಿಕ್ಕಿವೆ. ಮಡಕೆ ಮಾಡುವ ಊರಿನಲ್ಲಿ ಮಡಕೆ ಬರಿದಾದ ಮನೆ! ಪ್ರಸಂಗದಲ್ಲಿ ಇದಕ್ಕೆ ಜಾಗ ಸಿಗಲಿಲ್ಲ, ಆದರೂ ಇಲ್ಲಿ ಬರೆಯದೆ ಇರಲು ಮನಸ್ಸಾಗಲಿಲ್ಲ. ಹಾಗೆಯೇ ಮಳೆಯಿಲ್ಲದ ಅವಧಿಯನ್ನು ಲೂಕನೂ ಯಾಕೋಬನ ಪತ್ರಿಕೆಯೂ ಮೂರೂವರೆ ವರ್ಷ ಎನ್ನುವುದು, 1 ಅರಸುಗಳು 18:1 ಮೂರನೆಯ ವರ್ಷವೆನ್ನುವುದು ಅಭ್ಯಾಸದಲ್ಲಿ ಎದುರಾಗುತ್ತದೆ. ಬೈಬಲ್ ತರಗತಿಯಲ್ಲಿ ಚರ್ಚಿಸಲು ಒಳ್ಳೆಯ ವಿಷಯ, ಪ್ರಸಂಗಪೀಠದಲ್ಲಿ ಬೇಡ.

ಮೊಬೈಲಿನ ಚಿಕ್ಕ ಪರದೆಯಲ್ಲಿ ಪಠ್ಯ, ಅರ್ಥಕೋಶ, ವಚನಗಳ ಪಟ್ಟಿ ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಕಣ್ಣಿಗೆ ತ್ರಾಸ. ಈ ಕೆಲಸಕ್ಕೆ ಲ್ಯಾಪ್‌ಟಾಪೇ ಬೇಕು. ಲ್ಯಾಪ್‌ಟಾಪ್ ಇಲ್ಲದವರು ಸಭೆಯ ಕಚೇರಿಯ ಕಂಪ್ಯೂಟರಿನಲ್ಲಿ ಇದನ್ನು ಹಾಕಿಸಿಕೊಂಡರೆ ಸಂಡೇ ಸ್ಕೂಲ್ ಶಿಕ್ಷಕರಿಗೂ ಉಪಯೋಗವಾಗುತ್ತದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಊರಿನವರು ಜೂನ್ ಬರುವ ಮುನ್ನವೇ ಆಫ್‌ಲೈನ್ ಆವೃತ್ತಿಯನ್ನು ಇಳಿಸಿಟ್ಟುಕೊಳ್ಳುವುದು ಜಾಣತನ.

ಯಾರಿಗೆ ಇದನ್ನು ಶಿಫಾರಸು ಮಾಡುತ್ತೇನೆ? ಇಂಗ್ಲಿಷ್ ವಿವರಣೆಯನ್ನು ತಾಳ್ಮೆಯಿಂದ ಓದಬಲ್ಲ, ವಾರದ ಮಧ್ಯದಲ್ಲೇ ಸಿದ್ಧತೆ ಆರಂಭಿಸುವ ಪ್ರಸಂಗಿಗೆ ಧಾರಾಳವಾಗಿ. ಶನಿವಾರ ರಾತ್ರಿ ವೇದಭಾಗವನ್ನು ಮೊದಲ ಸಲ ತೆರೆಯುವವರಿಗೆ ಬೇಡ. ಆ ಹೊತ್ತಿನಲ್ಲಿ ಪದಗಳ ಹಿಂದೆ ಬಿದ್ದರೆ ಕಥೆ ಕೈಬಿಟ್ಟು ಹೋಗುತ್ತದೆ, ಅವರು ಸತ್ಯವೇದವನ್ನೇ ಇನ್ನೆರಡು ಸಲ ಓದಿ ಮಲಗುವುದು ಒಳ್ಳೆಯದು. ಇಂಗ್ಲಿಷ್ ಓದಲು ಕಷ್ಟಪಡುವ ಹಿರಿಯರು ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಳಸಬಹುದು. ನಮ್ಮ ಸಭೆಯಲ್ಲಿ ಹಿರಿಯರೊಬ್ಬರು ಹಾಗೆ ಮಾಡುತ್ತಿದ್ದಾರೆ, ವಚನಗಳ ಪಟ್ಟಿಯನ್ನು ಹುಡುಗಿ ಓದಿ ಹೇಳುತ್ತಾಳೆ, ಅವರು ಕನ್ನಡ ಸತ್ಯವೇದದಲ್ಲಿ ಒಂದೊಂದನ್ನೇ ತೆರೆದು ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಮೊದಲ ಸಲ ಬಳಸುವವರು ಯಾವುದಾದರೂ ಕಥಾಭಾಗದಿಂದಲೇ ಆರಂಭಿಸಲಿ, ಪೌಲನ ಪತ್ರಿಕೆಗಳನ್ನು ಸ್ವಲ್ಪ ಕೈ ಪಳಗಿದ ಮೇಲೆ ಎತ್ತಿಕೊಳ್ಳಲಿ.